ಮಾಂಸ ಬೆಂದಿತು, ಮನುಷ್ಯ ಬೇಯಲಿಲ್ಲ!

127 ಡಿಗ್ರಿ ಸೆಲ್ಸಿಯಸ್! ನೀರು ಕುದಿಯುವುದಕ್ಕಿಂತ 27 ಡಿಗ್ರಿ ಹೆಚ್ಚು. ಅಷ್ಟು ಕಾದ ಕೋಣೆಯೊಳಗೆ ಒಬ್ಬ ಡಾಕ್ಟರು ಅತ್ತಿಂದಿತ್ತ ಓಡಾಡುತ್ತಿದ್ದಾನೆ. ದಿನವೂ ತೊಡುವ ಬಟ್ಟೆ, ಬೂಟಿನ ಮೇಲೆ ಎಳೆದುಕೊಂಡ ದಪ್ಪ ಉಣ್ಣೆಯ ಕಾಲುಚೀಲ, ಕೈಗೆ ಗ್ಲೌಸು, ಮುಖಕ್ಕೆ ಅಡ್ಡ ಹಿಡಿದ ಒಂದು ಬಟ್ಟೆ, ಇಷ್ಟೇ ರಕ್ಷಣೆ. ಎಂಟು ನಿಮಿಷವಾದ ಮೇಲೆ ತಾನಾಗಿಯೇ ನಡೆದು ಹೊರಗೆ ಬರುತ್ತಾನೆ. ಎದೆ ಸ್ವಲ್ಪ ಹಿಡಿದಂತಾಗಿದೆ, ನಾಡಿ ನಿಮಿಷಕ್ಕೆ 144 ಸಲ ಬಡಿಯುತ್ತಿದೆ. ಅದು ಬಿಟ್ಟರೆ ಆಸಾಮಿ ಗಟ್ಟಿಯಾಗಿಯೇ ಇದ್ದಾನೆ. ಅದೇ ಕೋಣೆಯಲ್ಲಿ ತಗಡಿನ ಚೌಕಟ್ಟಿನ ಮೇಲೆ ಇಟ್ಟಿದ್ದ ಮೊಟ್ಟೆಗಳು ಸುಮಾರು 20 ನಿಮಿಷಕ್ಕೆ ಗಟ್ಟಿಯಾಗಿ ಬೆಂದವು. ದನದ ಮಾಂಸದ ಒಂದು ತುಂಡು 33 ನಿಮಿಷಕ್ಕೆ ಹದ ಮೀರಿ ಬೆಂದಿತು. ಇನ್ನೊಂದು ತುಂಡಿನ ಮೇಲೆ ಕೋಣೆಯ ಗಾಳಿಯನ್ನೇ ತಿದಿಯಿಂದ ಊದಿದರು. 13 ನಿಮಿಷ, ಅಡುಗೆ ತಯಾರು!

ಇದು ಜಾತ್ರೆಯ ಬೆಂಕಿಯಾಟವಲ್ಲ. 1774ರ ಲಂಡನ್ನಿನಲ್ಲಿ ನಡೆದು, ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಪ್ರಯೋಗ. ಕಾದ ಕೋಣೆ ಡಾಕ್ಟರ್ ಜಾರ್ಜ್ ಫೋರ್ಡೈಸ್‌ನ ಏರ್ಪಾಡು. ಒಳಗೆ ಹೊಕ್ಕು, ಹೊರಗೆ ಬಂದು, ಎಲ್ಲವನ್ನೂ ಬರೆದಿಟ್ಟವನು ಡಾಕ್ಟರ್ ಚಾರ್ಲ್ಸ್ ಬ್ಲಾಗ್ಡೆನ್. ಜನವರಿ 23ರ ಮೊದಲ ಪ್ರಯೋಗಕ್ಕೆ ಜೊತೆಯಾದವರು ಯಾರು ಗೊತ್ತೆ? ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಭೂಮಿಯನ್ನು ಸುತ್ತಿ ಬಂದಿದ್ದ ಜೋಸೆಫ್ ಬ್ಯಾಂಕ್ಸ್, ಅವನ ಸಂಗಾತಿ, ಸಸ್ಯವಿಜ್ಞಾನಿ ಲಿನ್ನೇಯಸ್‌ನ ಶಿಷ್ಯ ಡೇನಿಯಲ್ ಸೊಲಾಂಡರ್, ಮತ್ತು ಕ್ಯಾಪ್ಟನ್ ಫಿಪ್ಸ್. ಈ ಫಿಪ್ಸ್ ಹಿಂದಿನ ಬೇಸಿಗೆಯನ್ನು ಉತ್ತರಧ್ರುವದ ದಾರಿಯ ಹಿಮಗಡ್ಡೆಗಳ ನಡುವೆ ಕಳೆದು ಬಂದವನು. ಹಿಮದಿಂದ ನೇರ ಒಲೆಯೊಳಕ್ಕೆ! ಎಂಥ ಜನ ಇವರೆಲ್ಲ!

ವೈದ್ಯಕೀಯ ಓದುವ ಹುಡುಗ ಹುಡುಗಿಯರಿಗೆ ಈ ಕೋಣೆಯ ಕತೆಯನ್ನು ಮೊದಲ ವರ್ಷದ ಮೊದಲ ವಾರವೇ ಹೇಳಬೇಕು ಅನ್ನುವುದು ನನ್ನ ಹಟ. ನೀಟ್ ಮುಗಿಯಿತು, ಫಿಸಿಕ್ಸ್ ಪೀಡೆ ತೊಲಗಿತು ಎಂದು ನಿಟ್ಟುಸಿರು ಬಿಟ್ಟು ಬಂದಿರುತ್ತಾರೆ ಪಾಪ. ಆದರೆ ಶಾಖವೆಂದರೇನು, ತಾಪಮಾನವೆಂದರೇನು, ಇವೆರಡೂ ಹೇಗೆ ಬೇರೆ ಎಂಬುದರ ಒಂದು ದೊಡ್ಡ ಭಾಗವನ್ನು ಬಿಡಿಸಿದವರು ಅವರದೇ ಕುಲದವರು, ಡಾಕ್ಟರುಗಳು. ಬಿಡಿಸಿದ್ದು ಎಷ್ಟೋ ಸಲ ಮನುಷ್ಯನ ಮೈಯನ್ನು ನೋಡಿ!

ಕೋಣೆಯೊಳಗೆ ಇನ್ನೊಮ್ಮೆ ಇಣುಕೋಣ. 127 ಡಿಗ್ರಿಯ ಸಾಹಸಕ್ಕೂ ಮುಂಚೆ, ಜನವರಿಯ ಆ ಮೊದಲ ಪ್ರಯೋಗದ ದಿನ, ಪಾದರಸ 211 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಹತ್ತಿರ ಹತ್ತಿರ 100 ಸೆಲ್ಸಿಯಸ್‌ಗೆ ಏರಿದೆ. ಗಾಳಿ ಅಷ್ಟು ಬಿಸಿ, ಗಡಿಯಾರದ ಸರಪಳಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಗಾಳಿಯಲ್ಲಿ ನಿಲ್ಲಬಹುದು, ಸರಪಳಿಯನ್ನು ಮುಟ್ಟುವ ಹಾಗಿಲ್ಲ! ಥರ್ಮಾಮೀಟರ್‌ನ ಮೇಲೆ ಉಸಿರು ಬಿಟ್ಟರೆ ಪಾದರಸ ಸರ್ರನೆ ಹಲವು ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಬೆರಳಿನ ಮೇಲೆ ಊದಿಕೊಂಡರೆ ತಣ್ಣಗೆ, ಮೂಗಿನ ಹೊಳ್ಳೆಗಳಿಗೆ ಪ್ರತಿ ನಿಶ್ವಾಸವೂ ಹಾಯೆನಿಸುವಂತೆ. ತನ್ನ ಪಕ್ಕೆಯನ್ನು ತಾನೇ ಮುಟ್ಟಿಕೊಂಡ ಬ್ಲಾಗ್ಡೆನ್‌ಗೆ ಅದು ಹೆಣದಷ್ಟು ತಣ್ಣಗೆ ಅನ್ನಿಸಿತು. ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟರೆ 98 ಫ್ಯಾರನ್‌ಹೀಟ್. ಏನೇನೂ ಆಗಿಲ್ಲ!

ತಾಪಮಾನ ಒಂದೇ, ಪರಿಣಾಮ ಮಾತ್ರ ಬೇರೆ ಬೇರೆ. ಹೇಗೆ? ಯಾಕೆಂದರೆ ಥರ್ಮಾಮೀಟರ್ ಹೇಳುವುದು ಶಾಖ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಮಾತ್ರ. ಎಷ್ಟು ಹರಿಯುತ್ತದೆ, ಎಷ್ಟು ಬೇಗ ಹರಿಯುತ್ತದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಜೂಲ್‌ಗಿಂತ ತುಸು ಹೆಚ್ಚು ಶಾಖ ಸಾಕು. ಒಂದು ಲೀಟರ್ ನೀರಿಗೆ ಸುಮಾರು 4,200 ಜೂಲ್ ಬೇಕು. ಗಾಳಿಯ ಹತ್ತಿರ ಕೊಡುವುದಕ್ಕೆ ಶಾಖವೇ ಹೆಚ್ಚಿಲ್ಲ. ಇದ್ದದ್ದನ್ನು ಸಾಗಿಸುವುದರಲ್ಲೂ ಅದು ಮಹಾ ಸೋಮಾರಿ. ಚರ್ಮಕ್ಕೆ ಅಂಟಿ ನಿಂತ ತೆಳುಪದರ ತನ್ನ ಬಿಸಿಯನ್ನು ಕೊಟ್ಟು ತಾನೇ ತಣ್ಣಗಾಗಿ ಮೈಗೆ ಹೊದಿಕೆಯಾಗುತ್ತದೆ. ಲೋಹ ಹಾಗಲ್ಲ, ತನ್ನಲ್ಲಿರುವುದನ್ನು ಬೆರಳಿಗೆ ತಕ್ಷಣ ಸುರಿದುಬಿಡುತ್ತದೆ. ತಿದಿ ಊದಿದಾಗ ಮಾಂಸ ಬೇಗ ಬೆಂದದ್ದೂ ಇದಕ್ಕೇ: ಆ ತಣ್ಣನೆಯ ಪದರವನ್ನು ಊದಿ ಊದಿ ಕಿತ್ತುಹಾಕಿದರು, ಹೊಸ ಬಿಸಿಗಾಳಿ ಮತ್ತೆ ಮತ್ತೆ ಬಂದು ತಾಗಿತು. ಹೊರಗಿನ ಗಾಳಿ ಮೈಗಿಂತ ಬಿಸಿಯಿರುವ ಮಧ್ಯಾಹ್ನ, ಬೆವರು ಸರಿಯಾಗಿ ಬಾರದ ಮುದುಕರ ಮೇಲೆ ಫ್ಯಾನ್ ತಿರುಗಿಸಿದರೆ ಏನಾಗುತ್ತದೆ ಎಂದು ಈಗ ಯೋಚಿಸಿ. ಅದು ಫೋರ್ಡೈಸ್‌ನ ತಿದಿಯೇ.

ಇಷ್ಟಾದರೂ ಒಗಟು ಪೂರ್ತಿ ಬಿಡಲಿಲ್ಲ. ಗಾಳಿ ಸೋಮಾರಿಯಾದರೂ ಗೋಡೆಗಳ ವಿಕಿರಣವೂ ಸೇರಿ, ಒರಟು ಲೆಕ್ಕದಲ್ಲಿ ಬರಿಮೈಯೊಳಕ್ಕೆ ಒಂದೂವರೆ ಕಿಲೋವಾಟ್‌ಗೂ ಹೆಚ್ಚು ಶಾಖ ನುಗ್ಗಬೇಕು. ಎಂಟು ನಿಮಿಷದಲ್ಲಿ ಮೈ ಮೂರು ಡಿಗ್ರಿಯಾದರೂ ಏರಬೇಕಿತ್ತು. ಬಟ್ಟೆ ಒಂದಿಷ್ಟು ತಡೆದಿರಬಹುದು. ಉಳಿದದ್ದು ಎಲ್ಲಿಗೆ ಹೋಯಿತು?

ಉತ್ತರಕ್ಕೆ ಹದಿಮೂರು ವರ್ಷ ಹಿಂದಕ್ಕೆ, ಗ್ಲಾಸ್ಗೋಗೆ ಹೋಗಬೇಕು. ಅಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಇನ್ನೊಬ್ಬ ಡಾಕ್ಟರು 1761ರ ಸುಮಾರಿಗೆ ಎರಡು ಗಾಜಿನ ಬುರುಡೆಗಳನ್ನು ನೇತುಹಾಕಿ ಕಾಯುತ್ತಿದ್ದಾನೆ. ಒಂದರಲ್ಲಿ ಹೆಪ್ಪುಗಟ್ಟುವಷ್ಟು ತಣ್ಣನೆಯ ನೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಮಂಜುಗಡ್ಡೆ. ಎರಡಕ್ಕೂ ಅದೇ ಹಜಾರ, ಅದೇ ಗಾಳಿ. ನೀರು ಅರ್ಧ ಗಂಟೆಯಲ್ಲಿ ಏಳು ಡಿಗ್ರಿ ಫ್ಯಾರನ್‌ಹೀಟ್ ಏರಿತು. ಮಂಜುಗಡ್ಡೆ ಕರಗಿ ಅದೇ ತಾಪಮಾನಕ್ಕೆ ಬರಲು ಎಷ್ಟು ಹೊತ್ತು? ಹತ್ತೂವರೆ ಗಂಟೆ! ಇಪ್ಪತ್ತೊಂದು ಪಟ್ಟು! ಅಷ್ಟು ಹೊತ್ತೂ ಶಾಖ ಒಳಗೆ ಹರಿಯುತ್ತಲೇ ಇದೆ, ಕರಗುತ್ತಿರುವ ಗಡ್ಡೆಯಲ್ಲಿಟ್ಟ ಥರ್ಮಾಮೀಟರ್ ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಶಾಖ ಅಡಗಿ ಕೂತಿದೆ. ಹೈಸ್ಕೂಲಿನಲ್ಲಿ ನಾವೆಲ್ಲ ಉರು ಹೊಡೆದ ಗುಪ್ತೋಷ್ಣ ಇದೇ. ಉರು ಹೊಡೆಯುವಾಗ ಇಂಥ ಮಿಂಚು ಅದರಲ್ಲಿ ಇದೆಯೆಂದು ಯಾವ ಮೇಷ್ಟರೂ ಹೇಳಲಿಲ್ಲವಲ್ಲ!

ನೀರು ಆವಿಯಾಗುವಾಗ ಅಡಗುವ ಶಾಖ ಇನ್ನೂ ಬೆರಗಿನದು. ಒಂದು ಗ್ರಾಂ ಮಂಜು ಕರಗಲು 334 ಜೂಲ್. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆರಲು ಸುಮಾರು 2,400 ಜೂಲ್! 70 ಕಿಲೋ ತೂಕದ ಒಬ್ಬರ ಮೈಯನ್ನು ಒಂದು ಡಿಗ್ರಿ ಇಳಿಸಲು ತೆಗೆಯಬೇಕಾದ ಶಾಖ ಹೆಚ್ಚುಕಡಿಮೆ 2,45,000 ಜೂಲ್. ಭಾಗಿಸಿ ನೋಡಿ. ನೂರು ಗ್ರಾಂ ಬೆವರು, ಅಷ್ಟೇ. ಅರ್ಧ ಲೋಟ ನೀರು ಆರಿಹೋದರೆ ತಲೆಯಿಂದ ಕಾಲಿನವರೆಗಿನ ಮೂಳೆ, ರಕ್ತ, ಕರುಳು, ಮಿದುಳು ಎಲ್ಲವೂ ಒಂದು ಡಿಗ್ರಿ ತಣ್ಣಗಾಗಬಲ್ಲದು! ಆದರೆ ಷರತ್ತಿದೆ. ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನದು ಬರೀ ನಷ್ಟ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಮೈಯಲ್ಲೇ ಉಳಿಯಿತು.

ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಮೊದಲೇ ಮೂಸಿ ನೋಡಿದ್ದ. ಬೇಸಿಗೆಯ ಒಂದು ಭಾನುವಾರ ಫಿಲಡೆಲ್ಫಿಯಾದಲ್ಲಿ ನೆರಳಲ್ಲೇ 100 ಫ್ಯಾರನ್‌ಹೀಟ್ ಇದ್ದಾಗ ತನ್ನ ಮೈ ಮಾತ್ರ ಅಷ್ಟು ಕಾಯಲಿಲ್ಲ ಏಕೆ ಎಂದು ತಲೆ ಕೆಡಿಸಿಕೊಂಡ. 1758ರಲ್ಲಿ ಕೇಂಬ್ರಿಜ್‌ನಲ್ಲಿ ಗೆಳೆಯ ಜಾನ್ ಹ್ಯಾಡ್ಲಿಯ ಜೊತೆ ಥರ್ಮಾಮೀಟರ್‌ನ ಬುರುಡೆಗೆ ಈಥರ್ ಸವರಿ, ಊದಿ, ಸವರಿ, ಊದಿ, ಬೆಚ್ಚನೆಯ ದಿನವೇ ಅದರ ಮೇಲೆ ಮಂಜು ಕಟ್ಟುವಂತೆ ಮಾಡಿದ. ಬೇಸಿಗೆಯಲ್ಲೇ ಮನುಷ್ಯನನ್ನು ಚಳಿಯಿಂದ ಕೊಲ್ಲಬಹುದು ಎಂಬ ಅರ್ಥದ ಮಾತನ್ನೂ ಬರೆದಿಟ್ಟ.

ಬ್ಲಾಗ್ಡೆನ್‌ನ ಕೋಣೆಯಲ್ಲಿಯೂ ಸಾಕ್ಷಿ ಕಣ್ಣೆದುರಿಗೇ ಇತ್ತು. ಕುದಿಬಿಂದು ದಾಟಿ ಕಾದ ಗಾಳಿಯಲ್ಲಿ ಒಂದು ಪಾತ್ರೆ ನೀರು ಇಟ್ಟರೆ, ಗಂಟೆ ಕಳೆದರೂ ಅದು ಕುದಿಯಲಿಲ್ಲ! ಕುದಿಬಿಂದುವಿಗಿಂತ ಎಷ್ಟೋ ಕೆಳಗೆ ನಿಂತುಬಿಟ್ಟಿತು. ಮೇಲೆ ಸ್ವಲ್ಪ ಎಣ್ಣೆ ಹನಿಸಿ ಆವಿಯ ದಾರಿ ಮುಚ್ಚಿದ್ದೇ ತಡ, ತಾಪ ಏರಿ ಕೊನೆಗೆ ಕೊತಕೊತ ಕುದಿಯಿತು. ನಮ್ಮ ಮನೆಯ ಮಣ್ಣಿನ ಹೂಜಿಗೆ ಹೊರಗಿನಿಂದ ಎಣ್ಣೆ ಬಳಿದರೆ ಆಗುವ ಗತಿಯೇ ಇದು. ಇಷ್ಟು ಕಂಡೂ ಬ್ಲಾಗ್ಡೆನ್ ಬೆವರಿಗೆ ಅರ್ಧ ಕೀರ್ತಿಯನ್ನಷ್ಟೇ ಕೊಟ್ಟ. ಉಳಿದದ್ದು ಜೀವಕ್ಕೇ ಇರುವ, ಶಾಖವನ್ನು ಅಡಗಿಸುವ ಯಾವುದೋ ವಿಶೇಷ ಶಕ್ತಿ ಎಂದು ನಂಬಿದ. ಅವನನ್ನು ನೋಡಿ ನಗಬೇಕಾಗಿಲ್ಲ. ಎರಡು ಪಟ್ಟಾದ ನಾಡಿಯಲ್ಲಿ, ಹೊಟ್ಟೆಯ ಕಡೆಯ ರಕ್ತವನ್ನೂ ಚರ್ಮಕ್ಕೆ ತಿರುಗಿಸುವ ಆ ಏರ್ಪಾಡಿನಲ್ಲಿ, ಹೆಣಕ್ಕಿಲ್ಲದ ಏನೋ ಒಂದು ನಿಜವಾಗಿಯೂ ಇತ್ತಲ್ಲ! ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಾಂಸ ಇದ್ದದ್ದು 33 ನಿಮಿಷ, ಮನುಷ್ಯ ಇದ್ದದ್ದು ಎಂಟು. ಗಂಟೆಗೆ ಎರಡು ಲೀಟರ್ ಬೆವರಿದರೂ ಆ ಕೋಣೆಯನ್ನು ಯಾರೂ ಗೆಲ್ಲಲಾರರು. ಬೆವರು ಗಡುವು ಕೊಡಿಸಿತು, ಅಷ್ಟೇ.

ಈಗ ನನಗೆ ಎಲ್ಲಕ್ಕಿಂತ ಮೈ ಜುಮ್ಮೆನ್ನಿಸಿದ ಭಾಗಕ್ಕೆ ಬರುತ್ತೇನೆ. ಈ ಒಣ ಕೋಣೆಗೂ ಮೊದಲು ಫೋರ್ಡೈಸ್ ಒಬ್ಬನೇ ಹಸಿ ಕೋಣೆಯೊಂದನ್ನು ಹೊಕ್ಕಿದ್ದ. ನೆಲಕ್ಕೆ ಕುದಿನೀರು ಸುರಿದು, ಹಬೆ ತುಂಬಿಸಿ, ತಾಪವನ್ನು ಸುಮಾರು 50 ಸೆಲ್ಸಿಯಸ್‌ಗೆ ತಂದಿದ್ದ. ಒಣ ಕೋಣೆಯ ಅರ್ಧವೂ ಇಲ್ಲ. ಆದರೆ ಮೈಮೇಲೆ ನೀರು ಧಾರೆಧಾರೆಯಾಗಿ ಹರಿಯಿತು. ಇದು ಬೆವರೇ? ಅನುಮಾನ ಬಂತು ಡಾಕ್ಟರಿಗೆ. ಗಾಜಿನ ಬುರುಡೆಯೊಂದಕ್ಕೆ ಮೈಯಷ್ಟೇ ಬೆಚ್ಚಗಿನ ನೀರು ತುಂಬಿ ಅದೇ ಕೋಣೆಗೆ ತರಿಸಿದ. ಬುರುಡೆಯ ಮೇಲೂ ನೀರು ಧಾರೆಧಾರೆಯಾಗಿ ಇಳಿಯಿತು! ಗಾಜು ಬೆವರುವುದಿಲ್ಲ. ಅಂದರೆ ಮೈಮೇಲಿನ ನೀರಿನ ಬಹುಭಾಗ ಒಳಗಿನಿಂದ ಬಂದದ್ದಲ್ಲ, ಕೋಣೆಯ ಹಬೆ ಅಲ್ಲಿ ತಣಿದು ಕೂತದ್ದು. ಚಕ್ರ ತಿರುಗುಮುರುಗಾಗಿದೆ! ಆರುವ ಪ್ರತಿ ಗ್ರಾಂ 2,400 ಜೂಲ್ ಒಯ್ಯಬೇಕಾದಲ್ಲಿ, ಕೂರುವ ಪ್ರತಿ ಗ್ರಾಂ 2,400 ಜೂಲ್ ತಂದು ಸುರಿಯುತ್ತಿದೆ. ಎಂಥ ಸರಳ ಪ್ರಯೋಗ! ಒಂದು ಬುರುಡೆ, ಒಂದಿಷ್ಟು ನೀರು, ಒಂದು ಒಳ್ಳೆಯ ಅನುಮಾನ.

ಕುಕ್ಕರಿನ ಹಬೆ ತಾಗಿದ ಕೈಯನ್ನು ಹಿಡಿದುಕೊಂಡು ಕ್ಯಾಶುವಾಲ್ಟಿಗೆ ಬಂದವರನ್ನು ನೋಡುವಾಗ ಈ ಬುರುಡೆ ನೆನಪಿಗೆ ಬರಬೇಕು. 100 ಡಿಗ್ರಿಯ ಒಂದು ಗ್ರಾಂ ನೀರು ಮೈಯ ತಾಪಕ್ಕೆ ಇಳಿಯುವಾಗ ಕೊಡುವುದು 264 ಜೂಲ್. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಮೊದಲು ನೀರಾಗುವಾಗಲೇ 2,260 ಜೂಲ್ ಸುರಿದು, ಆಮೇಲೆ ಆ 264 ಅನ್ನೂ ಸೇರಿಸುತ್ತದೆ. ಒಂಬತ್ತೂವರೆ ಪಟ್ಟು! ಥರ್ಮಾಮೀಟರ್ ಎರಡಕ್ಕೂ ಅದೇ ಅಂಕಿ ತೋರಿಸುತ್ತದೆ.

ಮಂಗಳೂರಿನ ಸೆಕೆ ಕಷ್ಟವೋ ರಾಯಚೂರಿನ ಬಿಸಿಲು ಕಷ್ಟವೋ ಎಂಬ ಜಗಳವೂ ಇಲ್ಲೇ ತೀರುತ್ತದೆ. ರಾಯಚೂರಿನ ಮೇ ತಿಂಗಳ 42 ಡಿಗ್ರಿ, ಗಾಳಿಯಲ್ಲಿ ಶೇ. 20ರಷ್ಟು ತೇವ ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಅಲ್ಲಿ ಸುಮಾರು 24ಕ್ಕೆ ಇಳಿಯುತ್ತದೆ. ಮಂಗಳೂರಿನ 33 ಡಿಗ್ರಿ, ಶೇ. 75 ತೇವದಲ್ಲಿ ಅದೇ ಥರ್ಮಾಮೀಟರ್ 29ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಒಂಬತ್ತು ಡಿಗ್ರಿ ಕಡಿಮೆಯಿರುವ ಊರಲ್ಲೇ ಬೆವರಿಗೆ ಕೆಲಸ ಕಷ್ಟ! ಈ ಒದ್ದೆ ಬಟ್ಟೆಯ ಅಂಕಿ 35 ಮುಟ್ಟಿದರೆ ಚರ್ಮದಿಂದ ಶಾಖ ಹೊರಹೋಗಲು ದಾರಿಯೇ ಇಲ್ಲ. ನೆರಳಿನಲ್ಲಿ, ಫ್ಯಾನಿನಡಿ, ಕುಡಿಯಲು ಬೇಕಾದಷ್ಟು ನೀರಿಟ್ಟುಕೊಂಡು ಸುಮ್ಮನೆ ಕೂತರೂ ಮೈ ಏರುತ್ತ ಹೋಗುತ್ತದೆ ಎಂದು ವಿಜ್ಞಾನಿಗಳಾದ ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ತೋರಿಸಿದರು. ಸುಮ್ಮನೆ ಕೂತ ದೇಹವೂ ನೂರು ವಾಟ್‌ನ ಬಲ್ಬು ತಾನೇ. ಹೊರದಾರಿ ಎಲ್ಲ ಮುಚ್ಚಿದರೆ ಅದೊಂದೇ ನಲವತ್ತು ನಿಮಿಷಕ್ಕೆ ಒಂದು ಡಿಗ್ರಿ ಏರಿಸುತ್ತದೆ.

ಇದೇ ಲೆಕ್ಕವನ್ನು ಹೆರಿಗೆ ಕೋಣೆಗೆ ತೆಗೆದುಕೊಂಡು ಹೋಗಿ. ಮೂರು ಕಿಲೋ ಮಗು, ಒದ್ದೆ ಮೈ. ಅದರ ಮೇಲಿನ ಹತ್ತೇ ಹತ್ತು ಗ್ರಾಂ ನೀರು ಮಗುವಿನ ಶಾಖದಿಂದಲೇ ಆರಿದರೆ ಮೈ ಎರಡು ಡಿಗ್ರಿಗೂ ಹೆಚ್ಚು ಕುಸಿಯುತ್ತದೆ! ಹುಟ್ಟಿದ ಕ್ಷಣವೇ ಒರೆಸಿ, ಒಣಬಟ್ಟೆ ಸುತ್ತಿ ಎಂದು ನರ್ಸಮ್ಮ ಗದರುವುದು ಸುಮ್ಮನೆಯಲ್ಲ.

ವಿಕಿರಣದ ವಿಷಯವಂತೂ ನಂಬುವುದೇ ಕಷ್ಟ. 33 ಡಿಗ್ರಿಯ ಚರ್ಮ, 1.7 ಚದರ ಮೀಟರ್ ಮೈ. ಸ್ಟೆಫಾನ್ ಮತ್ತು ಬೋಲ್ಟ್ಸ್‌ಮನ್‌ರ ಸೂತ್ರಕ್ಕೆ ಹಾಕಿದರೆ ನೀವು ಈ ಸಾಲು ಓದುತ್ತಿರುವಾಗ 800 ವಾಟ್‌ಗೂ ಹೆಚ್ಚು ಕಾಣದ ಬೆಳಕನ್ನು ಸುತ್ತಲೂ ಚೆಲ್ಲುತ್ತಿದ್ದೀರಿ! ಊಟದಿಂದ ಬರುವ ನೂರು ವಾಟ್ ಎಲ್ಲಿ, ಈ ಎಂಟುನೂರು ಎಲ್ಲಿ? ಉಳಿಸುತ್ತಿರುವುದು ಗೋಡೆಗಳು. 25 ಡಿಗ್ರಿಯ ಗೋಡೆ, ಸೂರು, ನೆಲ, ಬೀರು ಎಲ್ಲವೂ ಸೇರಿ 700 ವಾಟ್‌ಗೂ ಹೆಚ್ಚನ್ನು ನಿಮಗೆ ವಾಪಸು ಚೆಲ್ಲುತ್ತಿವೆ. ಇನ್ನೊಂದು ವಿಶೇಷ: ಈ ಬೆಳಕಿನ ಅಲೆಯುದ್ದ ಹತ್ತು ಮೈಕ್ರಾನ್ ಆಸುಪಾಸು, ಅಲ್ಲಿ ಎಲ್ಲ ಮನುಷ್ಯರ ಚರ್ಮವೂ ಒಂದೇ ಥರ ಕಪ್ಪು. ಬಿಳಿಯ, ಕರಿಯ, ಗೋಧಿಬಣ್ಣ ಎಂಬ ಭೇದವನ್ನು ಶಾಖ ಕಂಡೇ ಇಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸು ಇನ್‌ಕ್ಯುಬೇಟರ್‌ನೊಳಗೆ ಬೆಚ್ಚನೆಯ ಗಾಳಿಯಲ್ಲಿ ಮಲಗಿಯೂ ತಣ್ಣಗಾಗುವುದುಂಟಲ್ಲ, ಅದರ ಗುಟ್ಟೂ ಇದೇ. ಎಸಿ ಕೋಣೆಯಲ್ಲಿ ಪೆಟ್ಟಿಗೆಯ ಗೋಡೆ ತಣ್ಣಗಿದ್ದರೆ ಕೂಸು ಚೆಲ್ಲಿದಷ್ಟು ಅದು ಮರಳಿಸುವುದಿಲ್ಲ. ಅದಕ್ಕೇ ಎರಡು ಪದರದ ಗೋಡೆಯ ಇನ್‌ಕ್ಯುಬೇಟರ್‌ಗಳು ಬಂದವು.

ಇಷ್ಟೂ ಶಾಖ ಹೊರಹೋಗುವ ಕತೆಯಾಯಿತು. ಅದು ಹುಟ್ಟುವ ಕತೆಯೊಳಗೂ ಒಬ್ಬ ಡಾಕ್ಟರು ಇದ್ದಾನೆ. 1840ನೇ ಇಸವಿ, ಜಾವಾ ದ್ವೀಪದ ಸುರಬಾಯಾ ಬಂದರು. ಡಚ್ ಹಡಗಿನ ವೈದ್ಯ, 25 ವರ್ಷದ ಜರ್ಮನ್ ಯುವಕ ಜೂಲಿಯಸ್ ರಾಬರ್ಟ್ ಮೇಯರ್, ಕಾಯಿಲೆ ಬಿದ್ದ ನಾವಿಕರ ತೋಳಿನಿಂದ ಆ ಕಾಲದ ಪದ್ಧತಿಯಂತೆ ರಕ್ತ ತೆಗೆಯುತ್ತಿದ್ದಾನೆ. ಚಿಮ್ಮಿತು ಕೆಂಪು! ಕಪ್ಪಾಗಿ ಬರಬೇಕಾದ ಅಭಿಧಮನಿಯ ರಕ್ತ ಅಚ್ಚಗೆಂಪು! ಅಪಧಮನಿಯನ್ನೇ ಕೊಯ್ದುಬಿಟ್ಟೆನೋ ಎಂದು ಎದೆ ಧಸಕ್ಕೆಂದಿತು. ಇಲ್ಲ, ಬಿಸಿಯ ನಾಡಿನಲ್ಲಿ ಇದು ಮಾಮೂಲು ಎಂದರು ಅಲ್ಲಿನ ಡಾಕ್ಟರುಗಳು. ಮಾಮೂಲು ಎಂದು ಬಿಟ್ಟುಬಿಡುವವನಲ್ಲ ಮೇಯರ್. ಉಸಿರಾಟವೆಂದರೆ ನಿಧಾನದ ಉರಿ ಎಂದು ರಸಾಯನಶಾಸ್ತ್ರಜ್ಞ ಲವಾಸಿಯೇ ಹೇಳಿಹೋಗಿದ್ದ. ಬಿಸಿನಾಡಿನಲ್ಲಿ ಮೈ ಕಾಯಿಸಲು ಕಡಿಮೆ ಉರಿ ಸಾಕು, ಆದ್ದರಿಂದ ಆಮ್ಲಜನಕ ರಕ್ತದಲ್ಲೇ ಉಳಿಯಿತು, ಆದ್ದರಿಂದ ಕೆಂಪು! ಅಲ್ಲಿಗೆ ನಿಲ್ಲಲಿಲ್ಲ. ಮೈಯನ್ನು ಕಾಯಿಸುವುದೂ ತಿಂದ ಅನ್ನವೇ, ತೋಳು ಭಾರ ಎತ್ತುವಂತೆ ಮಾಡುವುದೂ ಅದೇ. ಹಾಗಾದರೆ ಕೆಲಸ ಮತ್ತು ಶಾಖ ಒಂದೇ ಖಾತೆಯ ಎರಡು ಕಡೆ ಇರಬೇಕಲ್ಲವೇ? ಬಂದರು ನೋಡಲು ಇಳಿಯುವುದನ್ನೂ ಬಿಟ್ಟು ಹಡಗಿನಲ್ಲೇ ಕೂತು ತಲೆ ಕೆಡಿಸಿಕೊಂಡ. 1842ರಲ್ಲಿ ಅಚ್ಚಾದ ಅವನ ಲೇಖನ ಶಕ್ತಿಯ ಸಂರಕ್ಷಣೆಯ ಮೊದಲ ಹೇಳಿಕೆಗಳಲ್ಲಿ ಒಂದು. ಐದು ವರ್ಷದ ಮೇಲೆ ಅದನ್ನೇ ಗಣಿತದಲ್ಲಿ ಭದ್ರಪಡಿಸಿದ ಹೆಲ್ಮ್‌ಹೋಲ್ಟ್ಸ್ ಯಾರು? ಸೈನ್ಯದ ಡಾಕ್ಟರು!

ಕತೆಯ ತಮಾಷೆ ಇನ್ನೂ ಇದೆ. ಮೇಯರ್ ಕಂಡದ್ದು ನಿಜ, ತಲುಪಿದ ಜಾಗವೂ ನಿಜ, ನಡುವಿನ ಕಾರಣ ಮಾತ್ರ ಸರಿಯಿರಲಿಲ್ಲ. ಉರಿ ಕಡಿಮೆಯಾದದ್ದರಿಂದ ರಕ್ತ ಕೆಂಪಾದದ್ದಲ್ಲ. ಸೆಕೆಯಲ್ಲಿ ಮೈ ಶಾಖವನ್ನು ಹೊರಗೆ ಎಸೆಯಲು ಚರ್ಮಕ್ಕೆ ನಿಮಿಷಕ್ಕೆ ಏಳೆಂಟು ಲೀಟರ್‌ವರೆಗೂ ರಕ್ತ ನುಗ್ಗಿಸಬಲ್ಲದು. ಚರ್ಮದ ಜೀವಕೋಶಗಳಿಗೆ ಅಷ್ಟೊಂದು ಆಮ್ಲಜನಕ ಯಾಕೆ ಬೇಕು? ಬಂದ ರಕ್ತ ಕೆಂಪಾಗಿಯೇ ಅಭಿಧಮನಿಗೆ ಮರಳುತ್ತದೆ. ಅದು ಹೊತ್ತು ತಂದದ್ದು ಉಸಿರಲ್ಲ, ಶಾಖ. ಇವತ್ತಿಗೂ ಸಕ್ಕರೆ, ಇನ್ಸುಲಿನ್ ಮುಂತಾದ ಸಂಶೋಧನೆಗಳಲ್ಲಿ ಅಪಧಮನಿಗೆ ಸೂಜಿ ಚುಚ್ಚುವ ಕಷ್ಟ ಬೇಡವೆನಿಸಿದಾಗ, ಕೈಯನ್ನು 55–60 ಡಿಗ್ರಿಯ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಇಡಿಸಿ ಅಂಗೈಯ ಹಿಂಬದಿಯ ಅಭಿಧಮನಿಯಿಂದ ರಕ್ತ ತೆಗೆಯುತ್ತಾರೆ. ಅಪಧಮನಿಯದಕ್ಕೆ ಬಹಳ ಹತ್ತಿರದ, ಮೇಯರ್ ಕಂಡು ಬೆಚ್ಚಿದ ಅದೇ ಅಚ್ಚಗೆಂಪು ರಕ್ತ ಸಿರಿಂಜಿಗೆ ಬರುತ್ತದೆ.